ಗಾಜಿಗೆ ಹೊದಿಸಿದ ಶಾಲು

ಫೆಬ್ರವರಿ 6, ಮಂಗಳವಾರ

ಇವರ ಕೋಣೆ ನೋಡಿ ಬಂದೆ. ಹೊರಗೆ ಬೋರ್ಡಿನ ಮೇಲೆ ಮನೋಚಿಕಿತ್ಸಾ ತರಬೇತಿ ಕೇಂದ್ರ ಎಂದು ಬರೆದಿದ್ದಾರೆ. ಒಳಗಿರುವುದು ಠಾಣೆಯ ವಿಚಾರಣೆ ಕೋಣೆ. ಎರಡು ಮೆತ್ತನೆ ಕುರ್ಚಿ, ನಡುವೆ ಗಿಡ್ಡ ಮೇಜು, ಅದರ ಮೇಲೆ ಕಣ್ಣೊರೆಸಲು ಕಾಗದದ ಡಬ್ಬ, ಗೋಡೆಗೆ ಒಂದು ಫೋನು. ಒಂದು ಇಡೀ ಗೋಡೆ ಕನ್ನಡಿ. ಕೋಣೆಯಲ್ಲಿ ಕೂತವರಿಗೆ ಅದು ಕನ್ನಡಿ, ಆಚೆಯ ಕತ್ತಲೆ ಕೋಣೆಯಲ್ಲಿ ಕೂತವರಿಗೆ ಬರೀ ಗಾಜು. ಅವರು ನಮ್ಮನ್ನು ನೋಡಬಹುದು, ನಮ್ಮ ಮಾತು ಕೇಳಬಹುದು, ನಾವು ಅವರನ್ನು ನೋಡುವ ಹಾಗಿಲ್ಲ. ಲೋಕ ನಡೆಯುತ್ತಿರುವುದೇ ಹೀಗೆ. ಇವರು ಅದಕ್ಕೊಂದು ಗೋಡೆ ಕಟ್ಟಿಸಿದ್ದಾರೆ, ಅಷ್ಟೇ.

ಪುಸ್ತಕದ ಓದು ಸಾಕು, ಇನ್ನು ನಿಜವಾದ ಜನರ ಎದುರು ಕೂರಿ ಎಂದಿದ್ದಾರೆ. ನಾವು ಕೂತಾಗ ಗಾಜಿನ ಆಚೆ ಮೇಲ್ವಿಚಾರಕಿ ಕೂತಿರುತ್ತಾರೆ. ನಾವು ತಪ್ಪಿದರೆ ಅಲ್ಲಿಂದಲೇ ಫೋನು ಮಾಡುತ್ತಾರೆ. ಬಂದವರ ಎದುರಿಗೇ ಎದ್ದು ಹೋಗಿ ಫೋನೆತ್ತಿ, ಹೇಳಿದ್ದನ್ನು ಕೇಳಿಸಿಕೊಂಡು, ಬಂದು ಕೂತು ಹಾಗೇ ಮಾಡಬೇಕು. ಮಾನ ಅನ್ನುವುದನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕು.

ನನಗೆ ಸಿಕ್ಕ ಮೇಲ್ವಿಚಾರಕಿಗೆ ಗಾಜಿನಮ್ಮ ಎಂದು ಹೆಸರಿಟ್ಟೆ. ನರೆತ ಕೂದಲನ್ನು ಗಿಡ್ಡ ಕತ್ತರಿಸಿಕೊಂಡ, ಮಾತು ಕಡಿಮೆಯ ಹೆಂಗಸು. ವರ್ಷದ ಕೊನೆಗೆ ಈಕೆ ಆಗಬಹುದು ಅಂದರೆ ನಾನು ಚಿಕಿತ್ಸಕಿ, ಆಗದು ಅಂದರೆ ಮನೆಗೆ.

"ಇಲ್ಲಿ ನಿನಗೆ ಯಾರ ಮೇಲೆ ನಂಬಿಕೆ ಇದೆ?" ಎಂದು ಕೇಳಿದರು.

ಯಾರ ಮೇಲೂ ಇಲ್ಲ ಅಂದೆ.

"ಒಳ್ಳೇದು. ಸುಳ್ಳು ಹೇಳಲಿಲ್ಲ."

ಹೊಗಳಿಕೆಯ ಹಾಗಿತ್ತು. ನನ್ನನ್ನು ಗುರುತು ಹಾಕಿಕೊಂಡರು ಅನ್ನುವುದು ಅದರ ಅರ್ಥ. ಹೊರಗೆ ಬರುವಾಗ ಬಾಗಿಲ ಪಕ್ಕದ ಹಿತ್ತಾಳೆ ಫಲಕ ಓದಿದೆ. ಕುರ್ಚಿ, ಕನ್ನಡಿ, ಫೋನು ಎಲ್ಲ ಒಂದು ಸಿದ್ಧ ಉಡುಪು ಕಂಪನಿಯ ದಾನ. ಕಂಪನಿಗಳು ಕನ್ನಡಿಯನ್ನು ಪುಕ್ಕಟೆ ಕೊಡುವುದಿಲ್ಲ.

ಫೆಬ್ರವರಿ 13, ಮಂಗಳವಾರ

ನನ್ನ ಮೊದಲ ಕೇಸು. ಕೇಸು ಅನ್ನಬಾರದಂತೆ, ಬಂದವರು ಅನ್ನಬೇಕಂತೆ. ಹೆಸರು ಬದಲಾಯಿಸಿದರೆ ಹಸಿವು ಕಡಿಮೆಯಾಗುತ್ತದೆ ಎಂದು ನಂಬಿದ ಜನ. ಇಲ್ಲಿ ಅವಳನ್ನು ಹೊಲಿಗೆಯಕ್ಕ ಎಂದು ಬರೆಯುತ್ತೇನೆ.

ಅದೇ ದಾನಿ ಕಂಪನಿಯಲ್ಲಿ ಅಂಗಿಯ ಕಾಲರ್ ಹೊಲಿಯುವವಳು. ನನಗಿಂತ ದೊಡ್ಡವಳು, ಒಬ್ಬ ಮಗಳಿದ್ದಾಳೆ, ಗಂಡ ಬಿಟ್ಟುಹೋಗಿದ್ದಾನೆ. ಮೆಷಿನ್ ಮುಂದೆ ಕೂತ ಕೂಡಲೇ ಬಲಗೈ ಮರಗಟ್ಟುತ್ತದೆ. ಮನೆಯಲ್ಲಿ ನೀರಿನ ಕೊಡ ಎತ್ತುತ್ತಾಳೆ, ಮಗಳಿಗೆ ಜಡೆ ಹೆಣೆಯುತ್ತಾಳೆ, ಆಗೆಲ್ಲ ಕೈ ನೆಟ್ಟಗೇ ಇರುತ್ತದೆ. ಕಂಪನಿಯ ಡಾಕ್ಟರು ನರ ನೋಡಿ, ಮೂಳೆ ನೋಡಿ, ಕೊನೆಗೆ ನಿನ್ನ ಕಾಯಿಲೆ ತಲೆಯಲ್ಲಿದೆ ಎಂದು ಇಲ್ಲಿಗೆ ಅಟ್ಟಿದ್ದಾನೆ. ಕೈ ಬರದಿದ್ದರೆ ಕೆಲಸ ಹೋಗುತ್ತದೆ. ದುಡಿಯುವ ಕೈ ಆ ಮನೆಯಲ್ಲಿ ಅದೊಂದೇ.

ನಿಯಮದ ಪ್ರಕಾರ ಮೊದಲೇ ಹೇಳಿದೆ: ಕನ್ನಡಿಯ ಹಿಂದೆ ನನಗೆ ಕಲಿಸುವವರು ಕೂತಿದ್ದಾರೆ, ನಿಮಗೆ ಒಪ್ಪಿಗೆಯೇ?

"ನಿಮಗೂ ಸೂಪರ್‌ವೈಸರ್ ಇದ್ದಾರಾ ಮೇಡಂ?" ಅಂದಳು.

ಇದ್ದಾರೆ.

"ಬೈತಾರಾ?"

"ಬೈಯೋದೆಲ್ಲ ಫೋನಲ್ಲಿ," ಅಂದೆ. ಬಾಯಿಗೆ ಸೆರಗು ಹಿಡಿದು ನಕ್ಕಳು. ನಮ್ಮವರಿಗೆ ಯಜಮಾನರ ಹೆಸರೆತ್ತಿ ನಗಿಸಿದರೆ ಸಾಕು, ಅರ್ಧ ಸಂಕೋಚ ಹೋಗುತ್ತದೆ. ಇದನ್ನು ಯಾವ ಪಠ್ಯದಲ್ಲೂ ಬರೆದಿಲ್ಲ.

ಆದರೆ ಇಡೀ ಹೊತ್ತು ಅವಳು ನನ್ನ ಮುಖ ನೋಡಲಿಲ್ಲ. ಮಾತು ನನ್ನ ಜೊತೆ, ಕಣ್ಣು ಕನ್ನಡಿಯ ಮೇಲೆ. ನೋಡುತ್ತಾಳೆ, ತಲೆ ತಗ್ಗಿಸುತ್ತಾಳೆ, ಮತ್ತೆ ನೋಡುತ್ತಾಳೆ. ಅದರ ಆಚೆ ಕಂಪನಿ ಕೂತಿದೆ ಎಂಬ ಹೆದರಿಕೆ ಅದು. ನನಗಾದರೂ ಅದೇ ಹೆದರಿಕೆ.

ಕೊನೆಯಲ್ಲಿ ಫೋನು ಬಂತು. ಎತ್ತಿದೆ. "ಅವಳ ಮಾತು ಮುಗಿದಿರಲಿಲ್ಲ," ಎಂದಿತು ಗಾಜಿನಮ್ಮನ ಧ್ವನಿ. ಅಷ್ಟೇ, ಇಟ್ಟುಬಿಟ್ಟರು. ಅವಳು ಮೇಸ್ತ್ರಿಯ ಬಗ್ಗೆ ಹೇಳುತ್ತಿದ್ದಾಗಲೇ ಬಂತು. ಇದನ್ನು ನೆನಪಿಟ್ಟುಕೊಳ್ಳಬೇಕು.

ಫೆಬ್ರವರಿ 15, ಗುರುವಾರ

ಮೇಲ್ವಿಚಾರಣೆಯ ದಿನ. ನಾವಿಬ್ಬರು ಶಿಷ್ಯರು: ನಾನು ಮತ್ತು ಹೂಂಗುಟ್ಟಣ್ಣ. ಯಾರು ಏನು ಹೇಳಿದರೂ ಹೂಂ ಅನ್ನುವುದೇ ಅವನ ಚಿಕಿತ್ಸೆ. ಬಂದವರು ಮನೆಗೆ ಬೆಂಕಿ ಬಿತ್ತು ಅಂದರೂ ಹೂಂ ಅನ್ನುತ್ತಾನೆ. ಗಾಜಿನಮ್ಮ ಅವನಿಗೆ, ಸ್ವಲ್ಪ ಮಾತಾಡಪ್ಪಾ, ನೀನು ಉಸಿರಾಡುತ್ತಿದ್ದೀಯ ಅಂತ ಅವರಿಗೂ ಗೊತ್ತಾಗಲಿ ಅಂದರು. ನನಗೆ ಮಾತ್ರ ನಗೆಮಾತಿಲ್ಲ. "ನೀನು ಯಾವುದಕ್ಕೆ ಓಡ್ತಿದ್ದೀಯ?" ಎಂದು ಕೇಳಿದರು. ನಾನು ಕೂತಲ್ಲೇ ಕೂತಿದ್ದೆ. ಓಡಿದ್ದು ಎಲ್ಲಿಗೆ?

ಮೊಗಸಾಲೆಯಲ್ಲಿ ಕೇಂದ್ರದ ಮುಖ್ಯಸ್ಥರು ಸಿಕ್ಕರು. ಎಲ್ಲರೂ ದೊಡ್ಡವರು ಅನ್ನುವುದು ಅವರಿಗೇ. ಹೆಗಲ ಮೇಲೆ ಕೈ ಹಾಕುವಷ್ಟು ಹತ್ತಿರ ಬಂದು, ಕಂಪನಿಯವರು ವಿಚಾರಿಸುತ್ತಿದ್ದಾರೆ ಅಂದರು. "ದೊಡ್ಡ ವರದಿ ಏನೂ ಬೇಡಮ್ಮ. ಒಂದು ಮಾತು ಸಾಕು. ಆ ಹೆಂಗಸು ನಾಟಕ ಆಡ್ತಿದ್ದಾಳೋ, ಇಲ್ವೋ."

ಇನ್ನೂ ಗೊತ್ತಾಗಿಲ್ಲ ಅಂದೆ. ಗೊತ್ತಾದಾಗ ಹೇಳು ಅಂದರು. ಗಾಜಿನಮ್ಮ ದೂರದಿಂದ ನೋಡುತ್ತಿದ್ದರು. ಇಬ್ಬರೂ ಒಂದೇ ಸರಪಳಿಯ ಎರಡು ಕೊಂಡಿ.

ಫೆಬ್ರವರಿ 20, ಮಂಗಳವಾರ

ಇವತ್ತಿನದನ್ನು ನಡೆದ ಹಾಗೇ ಬರೆದಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಸಾಕ್ಷಿ ಬೇಕು.

ಕೈ ಮರಗಟ್ಟಿದ್ದು ಯಾವಾಗಿನಿಂದ ಎಂದು ಕೇಳಿದೆ. ಮೆಷಿನ್ ಆರಿದ ಮಾರನೇ ದಿನದಿಂದ ಅಂದಳು. ಸೆಕೆಗೆ ಒಬ್ಬ ಹುಡುಗಿ ಮೆಷಿನ್ ಮೇಲೇ ಕುಸಿದುಬಿದ್ದಳಂತೆ. ಮೇಸ್ತ್ರಿ ಅವಳನ್ನು ಬದಿಗೆ ಎಳೆದು ಕೂರಿಸಿ, ನಡೀಲಿ ನಡೀಲಿ ಅಂದನಂತೆ. ಯಾರೋ ಒಬ್ಬಳು ತನ್ನ ಮೆಷಿನ್ ಆರಿಸಿದಳು. ನೋಡನೋಡುತ್ತ ಕಾಲರ್ ಸಾಲು ಪೂರ್ತಿ ಆರಿತು. ಮೊದಲು ಆರಿಸಿದವಳನ್ನು ಮರುದಿನ ಕೆಲಸದಿಂದ ತೆಗೆದರು.

ಈ ಕಥೆ ನನಗೆ ಗೊತ್ತು. ತೆಗೆದುಹಾಕಿದವಳ ಪರವಾಗಿ ಕಂಪನಿ ಗೇಟಿನಲ್ಲಿ ಮೈಕು ಹಿಡಿದಿರುವವಳು ನನ್ನ ಅಮ್ಮ. ತಾನೂ ಒಮ್ಮೆ ಹೀಗೇ ಕೆಲಸ ಕಳಕೊಂಡು ಸಂಘ ಕಟ್ಟಿದವಳು. ನಾನು ಬೆಳೆದದ್ದೇ ಇಂಥ ಗೇಟುಗಳ ಮುಂದಿನ ಶಾಮಿಯಾನದ ಕೆಳಗೆ.

"ಅವತ್ತು ಮ್ಯಾನೇಜರ್ ರೂಮಿಗೆ ನಮ್ಮಲ್ಲಿ ಕೆಲವರನ್ನ ಕರೆದ್ರು. ನಾನು..." ಎಂದಳು.

ಹೆದರಿಸಿದರಾ ಅಂದೆ.

"ಹೆದರಿಸಿದ್ರು. ಆದ್ರೆ ಮೇಡಂ, ನಾನು ಅಲ್ಲಿ..."

ಕೆಲಸದಿಂದ ತೆಗೀತೀವಿ ಅಂದರಾ?

"ಅಂದ್ರು..."

ಫೋನು. "ಅವಳ ಮಾತು ಮುಗಿದಿರಲಿಲ್ಲ."

ಬಂದು ಕೂತೆ. ನಿಮ್ಮ ತಪ್ಪೇನೂ ಇಲ್ಲ ಅಕ್ಕ, ದಬ್ಬಾಳಿಕೆ ಮಾಡಿದವರು ಅವರು, ನಿಮ್ಮ ಕೈ ಪ್ರತಿಭಟನೆ ಮಾಡುತ್ತಿದೆ ಅಂದೆ. ಅವಳು ಕನ್ನಡಿ ನೋಡಿದಳು, ಕೈಯನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಮತ್ತೆ ಫೋನು, ಮತ್ತೆ ಅದೇ ಮಾತು. ಮ್ಯಾನೇಜರನ ಹೆಸರು ಬಂದಾಗೆಲ್ಲ ಫೋನು ಹೊಡೆದುಕೊಳ್ಳುತ್ತದೆ. ಇನ್ನೇನು ಪುರಾವೆ ಬೇಕು?

ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ, ನಮ್ಮ ಕೇಂದ್ರ ಕಂಪನಿಯ ಬಾಲವಾಗಿದೆ ಎಂದು. ನಮ್ಮ ಮನೆಯಲ್ಲಿ ಎಲ್ಲ ಮಾತೂ ತಟ್ಟೆಯ ಮುಂದೆಯೇ. ಅವಳ ಹೆಸರು ಹೇಳಲಿಲ್ಲ, ಅಷ್ಟು ತಿಳಿಗೇಡಿಯಲ್ಲ ನಾನು. ಕಾಲರ್ ಸಾಲಿನವಳು, ಮ್ಯಾನೇಜರ್ ರೂಮಿಗೆ ಕರೆಸಿ ಹೆದರಿಸಿದ್ದಾರೆ, ಮಾರನೇ ದಿನದಿಂದ ಬಲಗೈ ಮರಗಟ್ಟಿದೆ ಎಂದಷ್ಟೇ ಹೇಳಿದೆ. ಅಮ್ಮ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದಳು, "ಬಲಗೈಯಾ?" ಹೌದು ಅಂದೆ. ತುತ್ತನ್ನು ಮತ್ತೆ ತಟ್ಟೆಗಿಟ್ಟಳು. ಪಾಪ, ಅವಳಿಗೂ ತಾನು ಕೆಲಸ ಕಳಕೊಂಡ ದಿನ ನೆನಪಾಗಿರಬೇಕು.

ಫೆಬ್ರವರಿ 27, ಮಂಗಳವಾರ

ಮಾಡಿಯೇ ಬಿಟ್ಟೆ.

ಅವಳು ಬರುವ ಮೊದಲೇ ಫೋನಿನ ರಿಸೀವರ್ ತೆಗೆದು ಕೆಳಗಿಟ್ಟೆ. ನನ್ನ ಶಾಲನ್ನು ಬಿಚ್ಚಿ, ಎರಡೂ ಕುರ್ಚಿ ಕಾಣುವ ಕಡೆ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದೆ. ಹತ್ತಿರದಿಂದ ಗಾಜಿನಲ್ಲಿ ನನ್ನ ಮುಖವೇ ಕಂಡಿತು, ಅದರ ಹಿಂದೆ ಯಾರ ಮುಖವಿತ್ತೋ. ಕಾಣದವರಿಗೆ ಕಾಣಿಸದೆ ಇರುವುದೂ ಒಂದು ಹೋರಾಟ.

ಬೇಕಾದರೆ ನನ್ನನ್ನು ಈಗಲೇ ಹೊರಗೆ ಹಾಕಲಿ. ಯಾರೂ ಬಾಗಿಲು ಬಡಿಯಲಿಲ್ಲ. ಅದೇ ಹೆಚ್ಚು ಗುಮಾನಿಯ ವಿಷಯ.

ಹೊಲಿಗೆಯಕ್ಕ ಬಂದವಳು ಬಾಗಿಲಲ್ಲೇ ನಿಂತಳು. ಶಾಲು ನೋಡಿದಳು.

"ಯಾಕೆ ಮುಚ್ಚಿದ್ರಿ?"

ನಿಮ್ಮನ್ನು ಯಾರೂ ನೋಡದಿರಲಿ ಅಂತ, ಈಗ ಧೈರ್ಯವಾಗಿ ಹೇಳಿ ಅಂದೆ. ಕೂತಳು. ಈಗಲಾದರೂ ನನ್ನನ್ನು ನೋಡಿ ಮಾತಾಡುತ್ತಾಳೆ ಅಂದುಕೊಂಡರೆ ನೆಲ ನೋಡಿದಳು. ನಾನೇ ಮಾತಾಡಿದೆ. ಕೂಲಿಯ ಬಗ್ಗೆ, ಸೆಕೆಯ ಬಗ್ಗೆ, ಹಕ್ಕಿನ ಬಗ್ಗೆ, ಹೆದರಬಾರದು ಅನ್ನುವುದರ ಬಗ್ಗೆ. ಚೆನ್ನಾಗಿಯೇ ಮಾತಾಡಿದೆ, ನನಗೇ ರೋಮಾಂಚನವಾಯಿತು. ಅವಳು ಮುಗಿಯುವ ಮೊದಲೇ ಎದ್ದು, ಮಗಳು ಶಾಲೆಯಿಂದ ಬರೋ ಹೊತ್ತು ಅಂದಳು.

ಹೆದರಿಕೆ ಅಷ್ಟು ಆಳಕ್ಕೆ ಇಳಿದಿದೆ. ಒಂದು ಶಾಲಿಗೆ ಹೋಗುವಂಥದ್ದಲ್ಲ.

ಮಾರ್ಚ್ 1, ಶುಕ್ರವಾರ

ನನ್ನನ್ನು ತೆಗೆದುಹಾಕಲಿಲ್ಲ. ಗಾಜಿನಮ್ಮ ಶಾಲನ್ನು ಮಡಚಿ ತಂದುಕೊಟ್ಟರು. ಅವಸರದಲ್ಲಿ ಅಲ್ಲೇ ಬಿಟ್ಟಿದ್ದೆ.

"ಬಣ್ಣ ಚೆನ್ನಾಗಿದೆ. ಅದನ್ನೇ ನೋಡ್ತಾ ಕೂತಿದ್ದೆ. ಏನೂ ಕಾಣಲಿಲ್ಲ, ಬರೀ ಕೇಳಿಸ್ತು."

ಏನು ಕೇಳಿಸಿತು ಅಂದೆ, ಜಗಳಕ್ಕೆ ನಿಂತವಳ ಹಾಗೆ.

"ನೀನು. ಬಂದವರು ಯಾರಾದ್ರೂ ಇದ್ರಾ ಅಲ್ಲಿ?"

ಹೂಂಗುಟ್ಟಣ್ಣ ಹೂಂ ಅನ್ನಲು ಹೋಗಿ ಕೆಮ್ಮಿದ.

ಬಡವರ ಸಂಕಟ ಇವರಿಗೆ ಶಬ್ದ. ನನ್ನ ಧ್ವನಿ ಏರಿದ್ದಷ್ಟೇ ಇವರ ಕಿವಿಗೆ ಬಿತ್ತು. ಸಂಸ್ಥೆಯ ಮೇಲೆ ಇಷ್ಟು ಸಂಶಯ ಇರುವವಳು ಇಲ್ಲಿಗೆ ಯಾಕೆ ಬಂದೆ ಎಂದೂ ಕೇಳಿದರು. ನಮ್ಮವರು ಅಳಲು ಒಂದು ಜಾಗ ಬೇಕು, ಅದರ ಬೀಗದ ಕೈ ನಿಮ್ಮಂಥವರ ಕೈಯಲ್ಲಿದೆ, ಅದಕ್ಕೆ ಬಂದೆ ಅಂದೆ. "ಇದನ್ನು ಮರೀಬೇಡ," ಅಂದರು. ಬೆದರಿಕೆಯೋ, ಸಲಹೆಯೋ ತಿಳಿಯಲಿಲ್ಲ.

ಮಾರ್ಚ್ 5, ಮಂಗಳವಾರ

ಅವಳು ಬರಲಿಲ್ಲ.

ಹತ್ತು ನಿಮಿಷ ಕಾದು ಎದ್ದು ಹೊರಟಾಗ ಫೋನು ಹೊಡೆದುಕೊಂಡಿತು. "ಕೂತಿರು. ಅದು ಅವಳ ಹೊತ್ತು." ಇವರ ಪದ್ಧತಿಯಂತೆ ಬಂದವರು ಬರದಿದ್ದರೂ ಅವರ ಹೊತ್ತು ಅವರದೇ. ಇಡೀ ಗಂಟೆ ಖಾಲಿ ಕುರ್ಚಿಯ ಎದುರು ಕೂರಬೇಕು. ಪುಸ್ತಕ ಓದಬಾರದು, ಮೊಬೈಲು ನೋಡಬಾರದು. ಶಿಕ್ಷೆಗೆ ಎಷ್ಟು ಚಂದದ ಹೆಸರು.

ಕೂತೆ. ಖಾಲಿ ಕುರ್ಚಿ, ಕನ್ನಡಿಯಲ್ಲಿ ಇನ್ನೊಂದು ಖಾಲಿ ಕುರ್ಚಿ, ಎರಡರ ಪಕ್ಕದಲ್ಲೂ ನಾನು.

ಹೊತ್ತು ಮುಗಿದ ಮೇಲೆ ನೇರ ಕತ್ತಲೆ ಕೋಣೆಗೆ ನುಗ್ಗಿದೆ. ಗಾಜಿನಮ್ಮ ಒಬ್ಬರೇ ಇದ್ದರು. ಮರದ ಸ್ಟೂಲು. ಮುಂದೆ ಬರೆಯಲು ಏನೂ ಇರಲಿಲ್ಲ, ಅಡಗಿಸಿಟ್ಟಿರಬೇಕು. ಅವಳು ಇಲ್ಲಿ ಹೇಳಿದ್ದನ್ನು ಕಂಪನಿಗೆ ಮುಟ್ಟಿಸಿದಿರಿ, ಅದಕ್ಕೇ ಬರಲಿಲ್ಲ ಅಂದೆ. ಅವರು ಸಿಟ್ಟಾಗಲಿಲ್ಲ.

"ಈ ಕೋಣೆಯಿಂದ ಮಾತು ಹೊರಗೆ ಹೋಗಿದೆ ಅಂತ ನಿನಗೆ ಅನ್ನಿಸ್ತಿದೆ."

ಅನ್ನಿಸುವುದೇನು ಬಂತು, ಹೋಗಿದೆ.

"ನಾನು ಯಾರಿಗೂ ಹೇಳಿಲ್ಲ. ನೀನು ಯಾರಿಗೆ ಹೇಳಿದ್ದೀಯ?"

ಯಾರಿಗೂ ಇಲ್ಲ ಅಂದೆ. ಕಳ್ಳರು ಸಿಕ್ಕಿಬಿದ್ದಾಗ ಎದುರಿನವರ ಜೇಬು ತೋರಿಸುತ್ತಾರಲ್ಲ, ಹಾಗೆ.

ಮಾರ್ಚ್ 6, ಬುಧವಾರ

ಯಾರಿಗೂ ಹೇಳಿಲ್ಲ.

ಮಾರ್ಚ್ 9, ಶನಿವಾರ

ಅಮ್ಮ ಇವತ್ತು ಖುಷಿಯಾಗಿದ್ದಳು. ತಟ್ಟೆಗೆ ಕೈ ಇಡುತ್ತ ತಾನೇ ಮಾತು ತೆಗೆದಳು. "ನಿನ್ನ ಆಸ್ಪತ್ರೆಗೆ ಬರ್ತಾಳಲ್ಲ, ಕೈ ಮರಗಟ್ಟಿದವಳು. ಹೋದ ವಾರ ಗೇಟಲ್ಲಿ ನಿಲ್ಲಿಸಿ ಕೇಳಿದ್ವಿ."

ಯಾರನ್ನು, ಏನನ್ನು ಎಂದು ಕೇಳಿದೆ.

ಮ್ಯಾನೇಜರ್ ರೂಮಿನಲ್ಲಿ ಯಾರೋ ಒಬ್ಬಳು ಬೆರಳು ತೋರಿಸಿ, ಮೊದಲು ಆರಿಸಿದವಳು ಇವಳೇ ಅಂದಿದ್ದಾಳೆ ಎಂಬುದು ಸಂಘಕ್ಕೆ ಗೊತ್ತಿತ್ತಂತೆ. ಯಾರೆಂದು ಗೊತ್ತಿರಲಿಲ್ಲ. ಒಳಗೆ ಕರೆಸಿದವರು ಕೆಲವರೇ, ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ನಾನು ಬಲಗೈ ಅಂದದ್ದು ಸಾಕಾಯಿತು.

"ಕೈ ಮರಗಟ್ಟದೆ ಇನ್ನೇನಾಗುತ್ತೆ? ತೋರಿಸಿದ್ದೇ ಆ ಕೈಯಲ್ಲಿ. ಪಕ್ಕದ ಮೆಷಿನ್ನಿನವಳನ್ನ. ಒಂದೇ ಡಬ್ಬೀಲಿ ಊಟ ಮಾಡ್ತಿದ್ದವಳನ್ನ."

ಏನು ಮಾಡಿದಿರಿ ಅವಳಿಗೆ ಅಂದೆ.

"ಯಾರೂ ಕೈ ಮಾಡಿಲ್ಲ. ಎಲ್ಲರ ಎದುರು ಕೇಳಿದ್ವಿ. ಎರಡು ಬೈಗುಳ ಬಿದ್ವು. ಹುಚ್ಚಾಸ್ಪತ್ರೆಗೆ ಹೋಗಿ ನಾಟಕ ಆಡ್ತೀಯಾ ಅಂದ್ರು ಯಾರೋ. ತಲೆ ಬಗ್ಗಿಸಿ ನಿಂತಿದ್ಲು, ಒಂದು ಮಾತಿಲ್ಲ."

ನಾನು ಕೂಗಾಡಿದೆ. ಅಮ್ಮ ಕೂಗಾಡಲಿಲ್ಲ.

"ನನಗೆ ಹೇಳಿದ್ದು ಯಾರೇ? ಕನ್ನಡಿ ಹಿಂದಿನವರಾ?"

ಅವಳೂ ಹೆದರಿದ್ದಳು ಅಮ್ಮ, ಮಗಳಿದ್ದಾಳೆ ಅವಳಿಗೆ ಅಂದೆ.

"ಕೆಲಸ ಹೋದವಳಿಗೂ ಮಕ್ಕಳಿದಾರೆ. ಅವಳ ಮನೇಲಿ ಒಲೆ ಉರೀತಿಲ್ಲ. ಅವಳಿಗೆ ಯಾವ ಮೆತ್ತನೆ ಕುರ್ಚಿ ಹಾಕಿದೀರ ನೀವು?"

ತಟ್ಟೆಯನ್ನು ಹಾಗೇ ಬಿಟ್ಟು ಎದ್ದೆ. ನಮ್ಮ ಮನೆಯಲ್ಲಿ ಹಾಗೆ ಯಾರೂ ಎದ್ದದ್ದಿಲ್ಲ.

ಫೆಬ್ರವರಿ 20ರ ಪುಟವನ್ನು ಮತ್ತೆ ಓದಿದೆ. ಸಾಕ್ಷಿ ಬೇಕು ಎಂದು ಬರೆದಿದ್ದೇನೆ. ಸಿಕ್ಕಿದೆ.

ಮಾರ್ಚ್ 12, ಮಂಗಳವಾರ

ಅವಳು ಇವತ್ತೂ ಬರಲಿಲ್ಲ. ಅವಳ ಹೊತ್ತನ್ನು ಕೂತು ಕಳೆದೆ. ಗೋಡೆಯ ಫೋನು ಸುಮ್ಮನಿತ್ತು.

ಆಮೇಲೆ ಕತ್ತಲೆ ಕೋಣೆಗೆ ಹೋಗಿ ಗಾಜಿನಮ್ಮನಿಗೆ ಎಲ್ಲ ಹೇಳಿದೆ. ಅಮ್ಮ, ತಟ್ಟೆ, ಬಲಗೈ, ಗೇಟು. ತೆಗೆದುಹಾಕಿ ಅಂದೆ. ಬೇಕಾದರೆ ಈಗಲೇ ಹೋಗುತ್ತೇನೆ.

"ಹೋಗೋದು ಸುಲಭ. ಮಾತು ನಿನ್ನದಲ್ಲ, ನನ್ನದೂ ಅಲ್ಲ, ಅವಳದು. ಅವಳಿಗೆ ಹೇಳು. ನೀನೇ ಬೇಕಾ, ಬೇರೆಯವರು ಬೇಕಾ, ಯಾರೂ ಬೇಡ್ವಾ ಅಂತ ಅವಳು ಹೇಳ್ತಾಳೆ. ಆಮೇಲೆ ನಿನ್ನ ವಿಷಯ."

ಬರದೇ ಇದ್ದರೆ?

"ಕಚೇರಿಯಿಂದ ಒಂದು ಸಲ ಫೋನ್ ಮಾಡಿಸಿದೀನಿ, ನಿಮ್ಮ ಹೊತ್ತು ನಿಮಗೇ ಇದೆ ಅಂತ. ಅವಳ ಮನೆ ಬಾಗಿಲಿಗೆ ಹೋಗೋ ಹಾಗಿಲ್ಲ ನೀನು. ಗೇಟಲ್ಲಿ ನಿಲ್ಲಿಸಿದ್ದು ಸಾಕು."

ಅಷ್ಟರಲ್ಲಿ ಬಾಗಿಲು ತೆರೆದು ದೊಡ್ಡವರು ಬಂದರು. ಮೂಲೆಯ ಕತ್ತಲಲ್ಲಿದ್ದ ನನ್ನನ್ನು ಗಮನಿಸಲಿಲ್ಲ. ಕಂಪನಿಯವರು ಮತ್ತೆ ಕೇಳುತ್ತಿದ್ದಾರೆ, ಇಷ್ಟು ವಾರ ಕೂತು ನೋಡಿದ್ದೀರಿ, ನಾಟಕವೋ ಅಲ್ಲವೋ ಹೇಳಿಬಿಡಿ ಅಂದರು.

ಗಾಜಿನಮ್ಮ ಸ್ಟೂಲಿನಿಂದ ಏಳಲಿಲ್ಲ. "ಆ ಕೋಣೆಯ ಮಾತು ಈ ಕೋಣೆವರೆಗೆ ಬರುತ್ತೆ ಸಾರ್. ಇಲ್ಲಿಂದ ಮುಂದೆ ದಾರಿ ಇಲ್ಲ."

"ಈ ಕೋಣೆ ಕಟ್ಟಿಸಿದ್ದು ಅವರು."

"ಹಾಗಾದ್ರೆ ಕೋಣೆ ತಗೊಂಡು ಹೋಗಲಿ."

ದೊಡ್ಡವರು ಹೋದರು. ಇದು ನನಗೆ ತೋರಿಸಲೆಂದೇ ಆಡಿದ ಆಟವೋ ಎಂದು ಒಂದು ಗಳಿಗೆ ಅನ್ನಿಸಿತು. ದೊಡ್ಡವರಿಗೆ ನಾನಿದ್ದದ್ದೇ ಗೊತ್ತಿರಲಿಲ್ಲವಲ್ಲ. ಗೊತ್ತಿತ್ತೋ ಏನೋ. ನನ್ನ ಸಂಶಯಕ್ಕೆ ಈಗ ಎಲ್ಲಿ ಕೂರಬೇಕೆಂದೇ ತಿಳಿಯುತ್ತಿಲ್ಲ. ಸುತ್ತಿ ಸುತ್ತಿ ನನ್ನ ಹೆಗಲ ಮೇಲೇ ಬಂದು ಕೂರುತ್ತಿದೆ.

ಹೊರಡುವಾಗ ಆ ಸ್ಟೂಲಿನ ಮೇಲೆ ಒಂದು ಸಲ ಕೂತು ನೋಡಿದೆ. ಗಾಜಿನ ಆಚೆ ಎರಡು ಕುರ್ಚಿ. ನಾನು ಕೂರುವ ಕುರ್ಚಿ ತುದಿಗಾಲಲ್ಲಿ ನಿಂತ ಹಾಗೆ ಮುಂದಕ್ಕೆ ಜರುಗಿತ್ತು. ಅವಳದು ಗೋಡೆಗೆ ತಾಗುವಷ್ಟು ಹಿಂದೆ ಸರಿದಿತ್ತು. ಆ ಕೋಣೆಯಲ್ಲಿ ಕೂತು ನಾನು ಅದನ್ನು ನೋಡಿಯೇ ಇರಲಿಲ್ಲ.

ಮಾರ್ಚ್ 19, ಮಂಗಳವಾರ

ಬಂದಳು. ಅರ್ಧ ಹೊತ್ತು ಕಳೆದ ಮೇಲೆ, ಬಾಗಿಲು ತಟ್ಟದೆ.

ಕೂರುವ ಮೊದಲೇ ಹೇಳಿಬಿಟ್ಟೆ. ಗೇಟಿನಲ್ಲಿ ನಿಮಗೆ ಆದದ್ದು ನನ್ನಿಂದ, ನಿಮ್ಮ ಕೈಯ ವಿಷಯ ಹೊರಗೆ ಹೋದದ್ದು ನನ್ನ ಬಾಯಿಂದ, ನನ್ನ ಅಮ್ಮ ಸಂಘದವಳು ಎಂದು. ನನ್ನ ಮೇಲೆ ದೂರು ಕೊಡಬಹುದು, ಬೇರೆಯವರು ಬೇಕಾದರೆ ಇಲ್ಲೇ ಇದ್ದಾರೆ ಎಂದೂ ಹೇಳಿದೆ. ವಾರವಿಡೀ ಅಭ್ಯಾಸ ಮಾಡಿದ್ದ ದೊಡ್ಡ ಮಾತುಗಳು ಒಂದೂ ಬರಲಿಲ್ಲ.

ಅವಳು ಕೂತಳು. ಎಂದಿನಂತೆ ಕನ್ನಡಿ ನೋಡಿದಳು.

"ಅವರ ಮಗಳು ಅಂತ ಮೊದಲ ದಿನಾನೇ ಗೊತ್ತಾಯ್ತು ಮೇಡಂ. ಅದೇ ಹಣೆ, ಅದೇ ಹುಬ್ಬು. ಅವರು ಮೈಕ್ ಹಿಡಿದಾಗ ಎಷ್ಟು ಸಲ ನೋಡಿಲ್ಲ ನಾನು. ನಿಮ್ಮನ್ನ ನೇರ ನೋಡೋಕೆ ಆಗ್ತಿರಲಿಲ್ಲ. ಅದಕ್ಕೆ ಇದರಲ್ಲಿ ನೋಡ್ತಿದ್ದೆ."

ಕನ್ನಡಿಯಲ್ಲಿ ನನ್ನ ಮುಖದ ಕಡೆ ಎಡಗೈಯಿಂದ ತೋರಿಸಿದಳು.

ಗೊತ್ತಿದ್ದೂ ಯಾಕೆ ಬಂದಿರಿ ಅಂದೆ.

"ಆ ಮುಖಕ್ಕೇ ಹೇಳಬೇಕಿತ್ತು. ಗೇಟಲ್ಲಿ ನಿಂತು ಹೇಳೋ ಧೈರ್ಯ ಇಲ್ಲ. ಇಲ್ಲಾದ್ರೆ ಬಾಗಿಲು ಹಾಕಿರುತ್ತೆ. ಪ್ರತಿ ವಾರ ಇವತ್ತು ಹೇಳಿಬಿಡೋಣ ಅಂತಲೇ ಬರ್ತಿದ್ದೆ." ಕೈ ಇಳಿಸಿದಳು. "ನೀವು ಬಿಡಲೇ ಇಲ್ಲ. ನಾನು ತಪ್ಪು ಮಾಡಿದೀನಿ ಅನ್ನೋಷ್ಟರಲ್ಲಿ ನಿಮ್ಮ ತಪ್ಪೇನಿಲ್ಲ ಅಂತಿದ್ರಿ. ಆಮೇಲೆ ಶಾಲು ಬೇರೆ ಹೊದಿಸಿದ್ರಿ."

ಬಾಯಿ ತೆರೆದೆ. ಹೇಳಲು ಬೇಕಾದಷ್ಟಿತ್ತು. ಮುಚ್ಚಿದೆ. ಈಗ ಫೋನು ಬರುತ್ತದೆ ಎಂದು ಕಾದೆ, ಬರಲಿಲ್ಲ. ಯಾಕೆ ಬರುತ್ತಿಲ್ಲ, ಆಚೆ ಯಾರೂ ಇಲ್ಲವೇ ಎಂದು ಸಂಶಯವಾಯಿತು. ಆಮೇಲೆ ಅದನ್ನೂ ಮರೆತೆ.

ಬೆರಳು ತೋರಿಸಿದ್ದು ತಾನೇ ಅಂದಳು. ಆಮೇಲೆ ಉಳಿದದ್ದನ್ನೆಲ್ಲ ಹೇಳಿದಳು, ನಡುನಡುವೆ ನಿಂತು, ಮತ್ತೆ ಶುರು ಮಾಡಿ, ಕೊನೆಯವರೆಗೂ. ನಿಂತಾಗೆಲ್ಲ ನಾನು ಕಾದೆ. ಹೂಂಗುಟ್ಟಣ್ಣನ ಹೂಂ ಕೂಡ ಬೇಕಾಗಲಿಲ್ಲ.

ಏನು ಹೇಳಿದಳು ಎಂಬುದು ಇಲ್ಲಿ ಬೇಡ.

ಎದ್ದು ನಿಂತು, "ಮುಂದಿನ ಮಂಗಳವಾರನೂ ಇದೇ ಹೊತ್ತಾ?" ಎಂದು ಕೇಳಿದಳು. ನಾನೇ ಇರಬೇಕೇ ಅಂದೆ. "ಮತ್ತೆ ಮೊದಲಿಂದ ಯಾರಿಗೆ ಹೇಳ್ತಾ ಕೂರಲಿ?" ಅಂದಳು. ಕೈ ಸರಿಹೋಗಿದೆಯೇ ಎಂದು ನಾನು ಕೇಳಲಿಲ್ಲ. ಬಾಗಿಲ ಹಿಡಿಗೆ ಹಾಕಿದ್ದು ಯಾವ ಕೈ ಎಂದು ನೋಡುವುದೂ ಮರೆತುಹೋಯಿತು.

ಮಾರ್ಚ್ 26, ಮಂಗಳವಾರ

ಬಂದಿದ್ದಳು. ಪೂರ್ತಿ ಹೊತ್ತು ಇದ್ದಳು.

ಮಾರ್ಚ್ 28, ಗುರುವಾರ

ದೊಡ್ಡವರು ಮತ್ತೆ ಮೊಗಸಾಲೆಯಲ್ಲಿ ತಡೆದರು. ಈಗಲಾದರೂ ಗೊತ್ತಾಯಿತೇ ಅಂದರು. ಗೊತ್ತಾಗಿದೆ, ಹೇಳುವುದಿಲ್ಲ ಅಂದೆ. ನಿನ್ನ ಭವಿಷ್ಯ ಯೋಚಿಸು ಅಂದರು. ಯೋಚಿಸುತ್ತೇನೆ. ಕಂಪನಿ ಇದನ್ನು ಇಷ್ಟಕ್ಕೇ ಬಿಡುವುದಿಲ್ಲ, ನನ್ನನ್ನೂ ಗಾಜಿನಮ್ಮನನ್ನೂ ಒಟ್ಟಿಗೇ ಹೊರಗೆ ಹಾಕಬಹುದು. ಹಾಕಿದರೆ ಗೇಟು ಯಾವುದೆಂದು ನನಗೆ ಗೊತ್ತು, ಮೈಕು ಹಿಡಿಯುವುದೂ ಗೊತ್ತು.

ಮೇಲ್ವಿಚಾರಣೆಯಲ್ಲಿ ಗಾಜಿನಮ್ಮ ನನ್ನ ಬಗ್ಗೆ ಒಳ್ಳೆಯದು ಕೆಟ್ಟದ್ದು ಏನೂ ಹೇಳಲಿಲ್ಲ. ವರ್ಷದ ಕೊನೆಗೆ ಆಗಬಹುದು ಅನ್ನುತ್ತಾರೋ ಇಲ್ಲವೋ. ಮಾತು ಹೊರಗೆ ಹಾಕಿದವಳಿಗೆ ಅನ್ನಬಾರದು. ನಾನೇ ಆ ಸ್ಟೂಲಿನ ಮೇಲಿದ್ದರೂ ಅನ್ನುತ್ತಿರಲಿಲ್ಲ. ಹೂಂಗುಟ್ಟಣ್ಣ ಮಾತ್ರ, ನೀನು ಈಗೀಗ ನನ್ನ ಕೆಲಸ ಕಸ್ಕೊಳ್ತಿದ್ದೀಯ ಅಂದ.

ಸಂಜೆ ಅಮ್ಮ ಸಂಘದ ಕಚೇರಿಯಿಂದ ತಡವಾಗಿ ಬಂದಳು. ಆ ಶನಿವಾರದ ಮೇಲೆ ನಾವಿಬ್ಬರೂ ಬೇಕಾದಷ್ಟೇ ಮಾತಾಡುತ್ತಿದ್ದೆವು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ತಟ್ಟೆ ಹಾಕಿಕೊಂಡು ಕೂತಳು. ಮುಖ ಬೇರೆಯಾಗಿತ್ತು.

"ಬಂದಿದ್ಲು ಇವತ್ತು. ಅವಳೇ. ಕಚೇರಿಗೆ."

ಅನ್ನ ಬಡಿಸಿದೆ.

"ಕೆಲಸ ಹೋದವಳೂ ಅಲ್ಲೇ ಇದ್ಲು. ಅವಳ ಎದುರಿಗೇ ನಿಂತು..." ಅಮ್ಮ ನಿಲ್ಲಿಸಿದಳು. "ಕೆಲಸದಿಂದ ತೆಗೆದ ಕೇಸಿನ ಮುಂದಿನ ವಿಚಾರಣೇಲಿ ನಮ್ಮ ಕಡೆಯಿಂದ ಅವಳು..."

"ಬೇಡಮ್ಮ."

"ಏನು ಬೇಡ?"

"ನನಗೆ ಹೇಳಬೇಡ."

ಅಮ್ಮ ನನ್ನನ್ನೇ ನೋಡಿದಳು. ನಾನು ಹುಟ್ಟಿದಾಗಿನಿಂದ ಈ ಮನೆಯಲ್ಲಿ ಯಾರೂ ಅಮ್ಮನಿಗೆ ಹೇಳಬೇಡ ಅಂದದ್ದಿಲ್ಲ.

"ಏನಂದ್ಲು ಅಂತ ತಿಳ್ಕೋಬೇಕು ಅನ್ನಿಸಲ್ವಾ ನಿನಗೆ?"

ಅನ್ನಿಸುತ್ತಿತ್ತು. ಎಷ್ಟೆಂದರೆ ಕೈಯಲ್ಲಿದ್ದ ಸೌಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. "ಮಂಗಳವಾರ ಬರ್ತಾಳೆ. ಬೇಕಿದ್ರೆ ಅವಳೇ ಹೇಳ್ತಾಳೆ," ಅಂದೆ.

"ಹೇಳದೇ ಹೋದ್ರೆ?"

"ಹೇಳದೇ ಹೋಗ್ತಾಳೆ."

ಅಮ್ಮ ಊಟ ಮಾಡಲಿಲ್ಲ, ನನ್ನ ಮುಖದಿಂದ ಕಣ್ಣೂ ತೆಗೆಯಲಿಲ್ಲ. ಪೊಲೀಸಿನವರು ಮನೆಗೆ ಬಂದಾಗ ಅವರನ್ನು ಹೀಗೆ ನೋಡುತ್ತಿದ್ದಳು, ಒಳಗೆ ಏನಿಟ್ಟುಕೊಂಡಿದ್ದಾರೆ ಎಂದು ಹುಡುಕುವ ಹಾಗೆ.

"ನೀನು ಯಾರ ಕಡೆಯೇ?" ಎಂದು ಕೇಳಿದಳು.

ದೊಡ್ಡವರ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಿತ್ತು. ಇದಕ್ಕೆ ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಅಮ್ಮನ ಮಾತು ಇನ್ನೂ ಮುಗಿದಿಲ್ಲ ಅನ್ನಿಸಿತು. ಸೌಟು ಕೆಳಗಿಟ್ಟು ಅವಳ ಎದುರು ಕೂತೆ.